ಬೆರಕೆ ಸೊಪ್ಪಿನ ನೆಲ

ಸುಲ್ತಾನ್‌ಪೇಟೆಯಲ್ಲಿ ಹಿಡಿ ಹುಲ್ಲು ಬೆಳೆಯುವಷ್ಟು ಮಣ್ಣೂ ಸಿಗುವುದು ಕಷ್ಟ. ಮದುವೆ ಕಾರ್ಡಿನ ಅಂಗಡಿಗಳು, ಕಾಗದದ ಗೋದಾಮುಗಳು, ಅವುಗಳ ಮೇಲೆ ಮನೆಗಳು, ಎದುರಿಗೊಬ್ಬರು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕಾದ ಗಲ್ಲಿಗಳು. ಇಂಥ ಕಡೆ ಕೂತು ಕಾಡುಸೊಪ್ಪಿನ ಮಾತೆತ್ತಿದರೆ ಯಾರಾದರೂ ನಕ್ಕಾರು. ಆದರೆ ಯಾರೂ ಬಿತ್ತದ, ಯಾರೂ ನೀರೆರೆಯದ ಸೊಪ್ಪುಗಳು ಈ ಪೇಟೆಯ ಅಡಿಗೆಮನೆಗಳಿಗೆ ಬಹಳ ಕಾಲ ತಪ್ಪದೆ ಬಂದಿವೆ. ತರುತ್ತಿದ್ದವರು ನಗರದ ಅಂಚಿನ ಹಳ್ಳಿಗಳ ಹೆಂಗಸರು. ನಸುಕಿನಲ್ಲೇ ಕಲಾಸಿಪಾಳ್ಯದಲ್ಲಿ ಬಸ್ಸಿಳಿದು, ಮಾರ್ಕೆಟ್ಟಿನ ಬದಿಯಲ್ಲಿ ಚೀಲ ಹಾಸಿ ಕೂತು, ಉಳಿದದ್ದನ್ನು ಮಂಕರಿಯಲ್ಲಿ ಹೊತ್ತು ನಮ್ಮ ಗಲ್ಲಿಗಳಿಗೆ ಬರುತ್ತಿದ್ದರು.

ನಮ್ಮ ಮನೆಗೆ ಬರುತ್ತಿದ್ದಾಕೆಯನ್ನು ಅಮ್ಮಿ ‘ಸೊಪ್ಪಿನಕ್ಕ’ ಎನ್ನುತ್ತಿದ್ದರು. ಆಕೆ ಅಮ್ಮಿಯನ್ನು ‘ಬೀಬಮ್ಮಾ’ ಎಂದು ಕೂಗುತ್ತಿದ್ದರು. ಅಮ್ಮಿಯ ಕನ್ನಡ ಅಷ್ಟಕ್ಕಷ್ಟೆ. ಸೊಪ್ಪಿನಕ್ಕನ ಉರ್ದು ದುಡ್ಡು ಎಣಿಸುವಲ್ಲಿಗೆ ಮುಗಿಯುತ್ತಿತ್ತು. ಆದರೂ ಸೊಪ್ಪಿನ ವಿಷಯದಲ್ಲಿ ಇಬ್ಬರಿಗೂ ಮಾತು ಸಾಲದೆ ಹೋದದ್ದಿಲ್ಲ. “ಗೋಣಿ ಸೊಪ್ಪು ಬೀಬಮ್ಮಾ, ಮೈಗೆ ತಂಪು” ಎಂದರೆ ಅಮ್ಮಿ ಒಂದು ದಂಟು ಮುರಿದು ನೋಡಿ “ಹಾಂ, ಖುಲ್ಫೇಕಿ ಭಾಜಿ” ಎನ್ನುವರು. ಮುಂದೆ ಶಾಲೆಯಲ್ಲಿ ಉರ್ದುವನ್ನೂ ಕನ್ನಡವನ್ನೂ ಓದಿದೆ. ಈ ಎರಡು ಭಾಷೆಗಳ ನಡುವಿನ ನನ್ನ ಮೊದಲ ನಿಘಂಟು ಆ ಮಂಕರಿಯೇ.

ಮಂಕರಿ ನೋಡಿ ತಿಂಗಳು ಹೇಳಬಹುದಿತ್ತು. ಯುಗಾದಿಯ ಸುಮಾರಿಗೆ ಹುಣಸೆ ಚಿಗುರು. ಅಮ್ಮಿ ಅದನ್ನು ಮಾಂಸದ ಜೊತೆ ಬೇಯಿಸುತ್ತಿದ್ದರು. ಹೈದರಾಬಾದಿನ ಮುಸ್ಲಿಮರ ಮನೆಗಳಲ್ಲೂ ‘ಚಿಗುರ್ ಗೋಶ್ತ್’ ಉಂಟು; ಆ ಉರ್ದು ಹೆಸರಿನೊಳಗೆ ಕೂತಿರುವುದು ನಮ್ಮ ದಕ್ಷಿಣದ ‘ಚಿಗುರು’. ಮುಂಗಾರಿಗೆ ಮೊದಲಿನ ಮಳೆ ಬಿದ್ದರೆ ಗೋಣಿ. ರಾಗಿ ಹೊಲದ ಕಳೆ ಕೀಳುವ ಕಾಲಕ್ಕೆ ಅಣ್ಣೆ, ಕನ್ನೆ. ಆಮೇಲೆ ಗಣಿಕೆ. ಕೆರೆಯಂಚಿನ ಹೊನಗೊನ್ನೆ ಮಾತ್ರ ಹೆಚ್ಚುಕಡಿಮೆ ವರ್ಷವಿಡೀ. ಇವುಗಳಲ್ಲಿ ನಾಲ್ಕೈದು ಕೂಡಿದರೆ ಬೆರಕೆ ಸೊಪ್ಪು. ‘ಬೆರಕೆ’ ಎಂಬ ಮಾತನ್ನು ಮನುಷ್ಯರ ಮೇಲೆ ಬೈಗುಳವಾಗಿ ಎಸೆಯುವವರಿದ್ದಾರೆ. ಸೊಪ್ಪಿನ ಮಟ್ಟಿಗೆ ಅದು ಹೊಗಳಿಕೆ. ಸೊಪ್ಪಿನಕ್ಕನ ಮನೆಯಲ್ಲಿ ಅದು ಬಸ್ಸಾರಾಗಿ ಮುದ್ದೆಯ ಜೊತೆ ಕೂಡುತ್ತಿತ್ತು. ನಮ್ಮಲ್ಲಿ ಬೇಳೆಯ ಜೊತೆ ಖಟ್ಟಿ ದಾಲ್ ಆಗುತ್ತಿತ್ತು, ಶುಕ್ರವಾರಗಳಲ್ಲಿ ಅರ್ಧ ಕೆ.ಜಿ. ಮಾಂಸವನ್ನು ಎಂಟು ಜನರಿಗೆ ಸಾಲುವಂತೆ ಮಾಡುತ್ತಿತ್ತು.

ಈ ಗಿಡಗಳನ್ನು ಬಲ್ಲವರು ಇನ್ನೂ ಇದ್ದರು. ಗಣಿಕೆಯೇ ಒಣಗಿ ಪೇಟೆಯ ಗ್ರಂಧಿಗೆ ಅಂಗಡಿಗೆ ಬಂದರೆ ಅದರ ಹೆಸರು ‘ಮಕೋ’. ಯುನಾನಿ ಹಕೀಮರು ಬಾವು ಇಳಿಸಲು ಬರೆದುಕೊಡುತ್ತಿದ್ದ ಮದ್ದು ಅದು. ಅವರ ಅರಬಿ ಗ್ರಂಥಗಳಲ್ಲಿ ಅದು ‘ನರಿಯ ದ್ರಾಕ್ಷಿ’. ಮಾಗಿದ ಕಪ್ಪು ಹಣ್ಣನ್ನು ಮಕ್ಕಳು ತಿಂದರೆ ಸೊಪ್ಪಿನಕ್ಕ ಸುಮ್ಮನಿರುತ್ತಿದ್ದರು. ಹಸಿರು ಕಾಯಿಗೆ ಕೈಹಾಕಿದರೆ ಗದರುತ್ತಿದ್ದರು. ಕಾಯಿಯಲ್ಲಿ ಸೊಲನೈನ್ ಎಂಬ ವಿಷವಿರುತ್ತದೆಂದು ನಾನು ಓದಿದ್ದು ಬಹಳ ತಡವಾಗಿ. ಖುಲ್ಫೆಗೆ ಅರಬಿಯಲ್ಲಿ ‘ಪೆದ್ದು ಸೊಪ್ಪು’ ಎಂಬ ಹೆಸರೂ ಇದೆ. ಜನ ತುಳಿಯುವ ದಾರಿಯಲ್ಲೇ, ನೀರು ಕೊಚ್ಚಿಕೊಂಡು ಹೋಗುವ ಕಾಲುವೆಯಲ್ಲೇ ಬೇರೂರುತ್ತದೆಂಬ ಕಾರಣಕ್ಕೆ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಮೀನು ತಿನ್ನಲು ಹೇಳುತ್ತಾರಲ್ಲ, ಆ ಒಮೆಗಾ-3 ಕೊಬ್ಬಿನ ಒಂದು ಬಗೆ ಈ ಪೆದ್ದು ಸೊಪ್ಪಿನಲ್ಲೂ ಇದೆ.

ದಾರಿಯ ಬದಿ, ಕಾಲುವೆಯ ದಡ, ಹೊಲದ ಬದು, ಕೆರೆಯಂಗಳ: ಯಾರೊಬ್ಬರದೂ ಅಲ್ಲದ್ದರಿಂದ ಎಲ್ಲರದೂ ಆಗಿದ್ದ ಜಾಗಗಳಿವು. ಬೆರಕೆ ಸೊಪ್ಪು ಬದುಕಿದ್ದು ಇಲ್ಲೇ. ನಮ್ಮ ನಗರ ಮೊದಲು ನುಂಗಿದ್ದೂ ಇವನ್ನೇ. ಸೊಪ್ಪಿನಕ್ಕ ಚೀಲ ಹಾಸುತ್ತಿದ್ದ ಕೃಷ್ಣರಾಜೇಂದ್ರ ಮಾರುಕಟ್ಟೆ ಇರುವುದು ಸಿದ್ದಿಕಟ್ಟೆ ಎಂಬ ಕೆರೆಯ ಜಾಗದಲ್ಲಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಪೇಟೆಯವರಿಗೆ ಪಕ್ಕದ ಕೆರೆಗಳ ಹಂಗು ತಪ್ಪುತ್ತಾ ಹೋಯಿತು. ಹಂಗು ತಪ್ಪಿದ ಮೇಲೆ ಕಾಳಜಿ ಎಲ್ಲಿಂದ ಬರಬೇಕು?

ಉಳಿದ ಕೆರೆಗಳ ಕಥೆ ಬೇರೆ. ಕೊಳಚೆ ತುಂಬಿದ ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಮತ್ತೆ ಬಿತ್ತು. ಹೊಲಸು ನೀರಿನಲ್ಲೂ ಹೊನಗೊನ್ನೆ ಹುಲುಸಾಗಿ ಬೆಳೆಯುತ್ತದೆ, ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳುತ್ತದೆ. ಒಳ್ಳೆಯ ಹೊನಗೊನ್ನೆಯನ್ನೂ ಕೆಟ್ಟದ್ದನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಗಿಡದ ಗುರುತು ತಿಳಿದಿದ್ದರೆ ಸಾಕಿತ್ತು ಒಂದು ಕಾಲದಲ್ಲಿ. ಈಗ ಕೆರೆಯ ಗುರುತೂ ಕೇಳಬೇಕು. ರಾಗಿ ಹೊಲಗಳು ಲೇಔಟುಗಳಾದವು. ಉಳಿದ ಹೊಲಕ್ಕೆ ಕಳೆನಾಶಕ ಬಿದ್ದರೆ ಕಳೆ ಕೀಳುವ ಹೆಂಗಸಿನ ಕೂಲಿಯೂ ಹೋಗುತ್ತದೆ, ಸಂಜೆ ಆಕೆ ಮಡಿಲಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ ಅಣ್ಣೆ ಸೊಪ್ಪೂ ಹೋಗುತ್ತದೆ.

ಕೆಲವು ಕೆರೆಗಳನ್ನು ಈಚೆಗೆ ಶುದ್ಧ ಮಾಡಿದ್ದಾರೆ. ಸಂತೋಷವೇ. ಆದರೆ ಸುತ್ತ ಬೇಲಿ, ಒಳಗೆ ವಾಕಿಂಗ್ ಹಾದಿ, ಗೇಟಿನಲ್ಲಿ ಕಾವಲುಗಾರ. ದನ ಮೇಯಿಸುವವರಿಗೆ, ಸೊಪ್ಪು ಕೊಯ್ಯುವವರಿಗೆ ಅಲ್ಲಿ ಜಾಗವಿಲ್ಲದಾಗಿದೆ. ನೀರು ಕೆಟ್ಟಾಗ ವಿಷ ತಿಂದವರು ಅವರು, ನೀರು ಒಳ್ಳೆಯದಾದಾಗ ಹೊರಗೆ ನಿಂತವರೂ ಅವರೇ.

ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಮುಸ್ಲಿಮರೆಲ್ಲರೂ ಪಾಲುದಾರರೆಂಬ ಅರ್ಥದ ಪ್ರವಾದಿವಚನವೊಂದು ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಮರುಭೂಮಿಯ ಜನಕ್ಕೆ ಇದರ ಬೆಲೆ ತಿಳಿದಿತ್ತು. ತಾನಾಗಿ ಹುಟ್ಟಿದ್ದಕ್ಕೆ ಒಬ್ಬ ಬೇಲಿ ಹಾಕಿದರೆ ಇನ್ನೊಬ್ಬನ ಮನೆಯ ಒಲೆ ಆರುತ್ತದೆ. ನಮ್ಮ ಮಸೀದಿಗಳ ಖುತ್ಬಾಗಳಲ್ಲಿ ಈ ಮಾತು ಇನ್ನಷ್ಟು ಕೇಳಬೇಕು, ಕೆರೆ ಉಳಿಸುವವರ ಸಭೆಗಳಲ್ಲೂ ಕೇಳಬೇಕು. ತಾರಸಿಯಿದ್ದವರು ಕುಂಡದಲ್ಲಿ ಹೊನಗೊನ್ನೆ ಬೆಳೆದುಕೊಳ್ಳುತ್ತಾರೆ, ಒಳ್ಳೆಯದು. ತಾರಸಿಯೂ ಹೊಲವೂ ಇಲ್ಲದವರ ಪಾಲು ಕೆರೆಯಂಗಳದಲ್ಲಿದೆ. ಶುದ್ಧವಾದ ಪ್ರತಿ ಕೆರೆಯ ಒಂದು ದಡವಾದರೂ ಬೇಲಿಯಿಲ್ಲದೆ ಅವರಿಗೆ ಸಿಗಲಿ. ಹೊನಗೊನ್ನೆ ಕೊಯ್ಯುವ ಕೈಗಳು ಉಳಿದರೆ ಅದರ ಹೆಸರುಗಳೂ ಉಳಿಯುತ್ತವೆ, ಕನ್ನಡದಲ್ಲೂ ಉರ್ದುವಿನಲ್ಲೂ.