ಹದ ಆರುವ ಮುಂಚೆ

ಟ್ರ್ಯಾಕ್ಟರು ಗೌಡರದು, ಎಂಜಿನ್ನು ಮೇಸ್ತ್ರಿಯದು, ಹೊಗೆ ಮಾತ್ರ ನಮ್ಮದು. ಹೀಗೇ ನಡೆದಿತ್ತು. ಹೊಸದುರ್ಗ ಸೀಮೆಯ ನಮ್ಮ ಹಟ್ಟಿಯ ಐದು ಮನೆಯವರು ಸೇರಿ ಹಳೇ ಮ್ಯಾಸ್ಸಿ ಫರ್ಗ್ಯೂಸನ್ 1035 ಕೊಂಡ ಮೇಲೆ ಎಂಜಿನ್ನೂ ನಮ್ಮದಾಯಿತು, ಅದರ ರೋಗವೂ ನಮ್ಮದಾಯಿತು.

ಯಾಕೆ ಕೊಂಡೆವು? ನಮಗೆ ದರಖಾಸ್ತು ಜಮೀನಿದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಯಾರೂ ಕೊಳ್ಳಕೂಡದು ಅಂತ 1978ರ ಕಾಯ್ದೆಯಿದೆ. ಆದರೆ ಬಾಡಿಗೆ ಟ್ರ್ಯಾಕ್ಟರು ನಮ್ಮ ಹೊಲಕ್ಕೆ ಬರುವುದು ಊರೊಳಗಿನವರ ಹೊಲವೆಲ್ಲ ಮುಗಿದ ಮೇಲೆ. ಅಷ್ಟೊತ್ತಿಗೆ ಹದ ಆರಿರುತ್ತೆ. ಹಿರಿಯೂರಿನ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ನಾಲ್ಕು ದಿನದ ಹದ ಅಂದರೆ ಒಂದು ವರ್ಷದ ಅನ್ನ. ಕಾಯ್ದೆ ಹೊಲ ಉಳಿಸೀತು, ಹದ ಉಳಿಸೋದಿಲ್ಲ.

ಎಂಜಿನ್ನು ಬೆಳಿಗ್ಗೆ ಸತಾಯಿಸುತ್ತಿತ್ತು. ನೀಲಿ ಹೊಗೆ. ಆಯಿಲು ಕುಡಿಯುತ್ತಿತ್ತು. ಪಟ್ಟಣದ ಒಂದು ವರ್ಕ್‌ಶಾಪಿನವರು ಬಾಗಿಲಾಚೆ ನಿಲ್ಲಿಸಿಯೇ "ಗುಜರಿಗೆ ಹಾಕ್ರೋ" ಅಂದರು.

ನಮ್ಮ ಹಟ್ಟಿಯ ಅಣ್ಣನೊಬ್ಬ ಹಿರಿಯೂರಿನ ಹೈವೇ ಬದಿ ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ಕೈ ಕಪ್ಪು ಮಾಡಿಕೊಂಡವನು. ಹೆಡ್ ಬಿಚ್ಚಿದ. ಮೂರು ಸಿಲಿಂಡರು, ಆರು ವಾಲ್ವು. ಒಂದನ್ನು ಹಿಡಿದು ಅಲುಗಾಡಿಸಿದ. "ನೋಡ್ರಲಾ, ಗೈಡು ಸವೆದೈತೆ. ಈ ಸಂದೀಲಿ ಆಯಿಲು ಇಳಿದು ಉರಿದ್ರೆ ನೀಲಿ ಹೊಗೆ. ದಾರಿ ಸಡಿಲಾದ್ರೆ ವಾಲ್ವು ನೆಟ್ಟಗೆ ಕೂರಲ್ಲ, ಬೆಂಕಿ ನುಗ್ಗಿ ಸೀಟು ಸುಡ್ತೈತೆ."

ಹಳೇ ಗೈಡು ಎಷ್ಟು ಚಾಚಿದೆ ಅಂತ ಮೊದಲು ಅಳೆದ. ಮೆಟ್ಟಿಲು ಕಡೆದ ಸಲಾಕೆಯಿಟ್ಟು ಹೊಡೆದು ತೆಗೆದ. ಹೊಸದನ್ನು ಅದೇ ಅಳತೆಗೆ ಇಳಿಸಿ ರೀಮರ್ ಆಡಿಸಿದ. ಸೀಟು ಲೇತಿನವರ ಕೆಲಸ. ಚಿತ್ರದುರ್ಗಕ್ಕೆ ಹೆಡ್ ಹೊತ್ತೆವು. ಸುಟ್ಟ ಸೀಟನ್ನು ಕಡೆದು ತೆಗೆದರು. ಕೂರುವ ಜಾಗಕ್ಕಿಂತ ಕೂದಲೆಳೆಯಷ್ಟು ದೊಡ್ಡ ಉಂಗುರವನ್ನು ಐಸಿನಲ್ಲಿಟ್ಟು, ಹೆಡ್ ಕಾಯಿಸಿ ಇಳಿಬಿಟ್ಟರು. ತಣ್ಣಗಾದದ್ದು ಕುಗ್ಗುತ್ತೆ, ಕಾದದ್ದು ಹಿಗ್ಗುತ್ತೆ. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಹಿಡಿತ ಬಿಡದು. ಗೈಡು ಮೊದಲು, ಸೀಟು ಆಮೇಲೆ. ಸೀಟು ಕಡೆಯುವ ಹತಾರ ನಿಲ್ಲುವುದೇ ಗೈಡಿನ ಮೇಲೆ. ಉಲ್ಟಾ ಮಾಡಿದರೆ ಎರಡೂ ದಂಡ.

ಕಡೆಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವನ್ನು ತಿರುವಿ ತಿರುವಿ ತೀಡಬೇಕು. ಹಟ್ಟಿಯ ಹುಡುಗ ಹುಡುಗಿಯರು ಕೂತರು. ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿ ಪದ್ಯ ಬರೆಯುವ ನಮ್ಮ ಕೈಗೂ ಒಂದು ವಾಲ್ವು ಬಂತು. ಪೋರ್ಟಿಗೆ ಡೀಸೆಲ್ ಸುರಿದು ಕಾದೆವು. ಒಂದು ಹನಿ ಒಸರಲಿಲ್ಲ.

ಗೆಳೆಯರೆ, ನಮ್ಮ ತಾತಂದಿರು ಕಪಿಲೆ ಬಾವಿಗೆ ತೊಗಲಿನ ಬಾನಿ ಹೊಲಿದವರು. ಹನಿ ಸೋರದ ಹಾಗೆ ಹೊಲಿದರು. ಆ ನೀರು ಹರಿದದ್ದು ಬೇರೆಯವರ ಹೊಲಕ್ಕೆ. ಸೋರದ ಹಾಗೆ ಮಾಡುವ ವಿದ್ಯೆ ನಮಗೆ ಹೊಸದಲ್ಲ. ಅದರ ಫಲ ನಮ್ಮ ಹೊಲಕ್ಕೆ ಬಂದದ್ದು ಹೊಸದು.

ಹಳ್ಳಿ ಶಾಲೆಯ ಮೇಷ್ಟ್ರೇ, ಕುಗ್ಗುವ ಹಿಗ್ಗುವ ಪಾಠವನ್ನು ಇಲ್ಲಿಗೆ ಬಂದು ಮಾಡಿ. ಈ ಸಲ ಶೇಂಗಾ ಹದದಲ್ಲೇ ಬಿತ್ತಿದ್ದೇವೆ. ಹೊಳಲ್ಕೆರೆ ಕಡೆ ಹಟ್ಟಿಯಿಂದ ಒಂದು ಹೆಡ್ ಬಂದು ಅಣ್ಣನ ಅಂಗಳದಲ್ಲಿ ಕೂತಿದೆ.