ಸಂಕಮ್ಮನ ಹಾಡು ಬಂದ ದಾರಿ

ಮದ್ದೂರಿನಿಂದ ಮಳವಳ್ಳಿ, ಕೊಳ್ಳೇಗಾಲ, ಹನೂರುಗಳ ಮೂಲಕ ಮಲೆಯ ಮಾದೇಶ್ವರನ ಬೆಟ್ಟವನ್ನು ಸೇರುವ ದಾರಿಯಲ್ಲಿ, ಶಿವರಾತ್ರಿ ಸಮೀಪಿಸಿದಾಗ, ‘ಕೋಲುಮಂಡೆ’ ಎಂಬ ಹಾಡು ಕಿವಿಗೆ ಬೀಳದಿರುವುದು ಅಪರೂಪ. ಮಂಡ್ಯದ ಮದುವೆ ಛತ್ರಗಳಲ್ಲಿಯೂ ಅದಕ್ಕೆ ಹುಡುಗರು ಕುಣಿಯುತ್ತಾರೆ. ಆದರೆ ಆ ಹಾಡಿನ ಸಂಕಮ್ಮ ಯಾರೆಂದು ಕೇಳಿದರೆ ಅನೇಕರು ಸುಮ್ಮನಾಗುತ್ತಾರೆ. ಈ ಮೌನವೇ ನನ್ನಿಂದ ಈ ನಾಲ್ಕು ಮಾತುಗಳನ್ನು ಬರೆಯಿಸುತ್ತಿದೆ.

ಈ ಹಾಡಿನ ಬೇರು ಇರುವುದು ದೇವರಗುಡ್ಡರ ಬಾಯಲ್ಲಿ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ಅದನ್ನು ತಟ್ಟುವ ಇನ್ನೊಂದು ತಾಳ, ಇದೇ ಕಂಸಾಳೆ. ಅವರು ಹಾಡುವ ಮಾದೇಶ್ವರನ ಮಹಾಕಾವ್ಯ ಹಲವು ‘ಸಾಲು’ಗಳಾಗಿ ಹರಡಿದೆ. ಡಾ. ಪಿ.ಕೆ. ರಾಜಶೇಖರ ಅವರು ಅದನ್ನು 1973ರಲ್ಲಿ ಗ್ರಂಥರೂಪಕ್ಕೆ ತಂದರು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ ಪಾಠವು 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು.

ಈ ಕಾವ್ಯದ ಸಂಕಮ್ಮನ ಸಾಲು ಸಾಮಾನ್ಯವಾದುದಲ್ಲ. ಗಂಡ ನೀಲೇಗೌಡ ಜೇನು, ಬೇಟೆಗಳಿಗಾಗಿ ಕಾಡಿಗೆ ಹೊರಟವನು, ತಾನಿಲ್ಲದಾಗ ಶೀಲ ಕೆಡುವುದಿಲ್ಲವೆಂದು ಭಾಷೆ ಕೊಡುವಂತೆ ಹೆಂಡತಿಯನ್ನು ಒತ್ತಾಯಿಸುತ್ತಾನೆ. ಆಕೆ ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಬಂಧಿಸಿಟ್ಟು ಹೋಗುತ್ತಾನೆ. ಆಗ ಮಾದಪ್ಪ ಜಂಗಮರೂಪದಲ್ಲಿ ಬಂದು ಆಕೆಯನ್ನು ಬಿಡಿಸಿ, ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳ ಭಾಗ್ಯವನ್ನು ಕರುಣಿಸುತ್ತಾನೆ.

ಮಠದಲ್ಲಿ ಓದುತ್ತಿದ್ದಾಗ ಜಂಗಮವೆಂದರೆ ಚಲಿಸುವುದು, ಸ್ಥಾವರವೆಂದರೆ ನಿಂತಿರುವುದು ಎಂದು ಕಲಿತಿದ್ದೆವು. ಅದು ಕೋಶದ ಅರ್ಥ. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿಯೆಲ್ಲ ಕುಳಿತು ಈ ಸಾಲನ್ನು ಕೇಳಿದಾಗ ಅದರ ಬದುಕಿನ ಅರ್ಥ ತಿಳಿಯಿತು: ನೊಂದವರ ಬಾಗಿಲಿಗೆ ತಾನಾಗಿಯೇ ನಡೆದು ಬರುವವನು ಜಂಗಮ. ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಸೆರಗಿನಿಂದ ಕಣ್ಣೊರಸಿಕೊಂಡು, “ಭಾಸೆ ಕೇಳ್ದವ್ನು ತಾನೂ ಕೊಡ್ಬೇಕಲ್ವಾ ಬುದ್ಧಿ?” ಎಂದರು. ಶಾಸ್ತ್ರಗಳನ್ನು ಓದಿದ ನನ್ನಲ್ಲಿ ಅದಕ್ಕೆ ಮಿಗಿಲಾದ ವ್ಯಾಖ್ಯಾನವಿರಲಿಲ್ಲ.

1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರದಲ್ಲಿ, ವಿ. ಮನೋಹರ್ ಅವರ ಸಂಗೀತದಲ್ಲಿ, ಎಲ್.ಎನ್. ಶಾಸ್ತ್ರಿಯವರು ಈ ಹಾಡನ್ನು ಹಾಡಿದರು. ರಾಜ್ಯ ಪ್ರಶಸ್ತಿಯನ್ನೂ ಪಡೆದರು. ಕಂಸಾಳೆಯ ನಾದವನ್ನೇ ಕೇಳದಿದ್ದ ಊರುಗಳಿಗೂ ಮಾದಪ್ಪನ ಹೆಸರು ಮುಟ್ಟಿತು. ಆದರೆ ರಾತ್ರಿಯಿಡೀ ಬೆಳೆಯುವ ಕಥನ ಕೆಲವು ನಿಮಿಷಗಳಿಗೆ ಇಳಿಯಿತು. ಜಂಗಮ ಬಾಗಿಲಿಗೆ ಬಂದುದು ಉಳಿಯಿತು. ಏಕೆ ಬಂದನೆಂಬುದು ಮರೆಗೆ ಸರಿಯಿತು.

2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿಯವರು ಅದನ್ನು ರ‍್ಯಾಪ್ ಧಾಟಿಯಲ್ಲಿ ಹೊಸದಾಗಿ ಹೊರತಂದರು. ದೃಶ್ಯಗಳಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ನೊಂದು ಆಕ್ಷೇಪಿಸಿದರು. ಗಾಯಕರು ಕ್ಷಮೆ ಕೋರಿದರು. ಆ ದೃಶ್ಯಗೀತೆಯನ್ನು ಹಿಂತೆಗೆದುಕೊಳ್ಳಲಾಯಿತು.

ಹೊಸ ಧಾಟಿಯೇ ತಪ್ಪೆಂದು ನಾನು ಹೇಳಲಾರೆ. ದೇವರಗುಡ್ಡರಲ್ಲಿಯೂ ಒಂದು ಮೇಳ ಹಾಡಿದಂತೆ ಇನ್ನೊಂದು ಹಾಡುವುದಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡು ಬದಲಾಗುತ್ತಲೇ ಬದುಕುತ್ತದೆ, ಅದೂ ಜಂಗಮವೇ. ಆದರೆ ಗುಡ್ಡರು ಪದವನ್ನು ಬದಲಿಸಿದರೂ ಸಂಕಮ್ಮನ ಮಾನವನ್ನು ಬಿಟ್ಟುಕೊಡುವುದಿಲ್ಲ. ಹೊಸ ಹಾಡುಗಾರರನ್ನು ಅಳೆಯುವುದಕ್ಕೆ ಇದೊಂದೇ ಅಳತೆ ಸಾಕು.

ಅವರನ್ನು ದೂರಿದಷ್ಟಕ್ಕೇ ನಮ್ಮ ಹೊಣೆ ತೀರುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಈ ಕಥೆಯನ್ನು ಹೇಳಿದ್ದೇವೆಯೇ? ಮದುವೆಗೆ ವಾದ್ಯಗೋಷ್ಠಿಯನ್ನು ಕರೆಸುವ ನಾವು ಒಂದು ಇರುಳು ಕಂಸಾಳೆಯವರನ್ನು ಕರೆಸಿ, ತಕ್ಕ ಸಂಭಾವನೆಯಿತ್ತು, ಸಂಕಮ್ಮನ ಸಾಲನ್ನು ಪೂರ್ಣವಾಗಿ ಹಾಡಿಸಬಾರದೇಕೆ? ಗಂಡುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ. ಭಾಷೆ ಕೊಡಲೊಲ್ಲದ ಆ ತಾಯಿಯ ಮಾತು ಹೆಣ್ಣುಮಕ್ಕಳಿಗಿಂತ ಮೊದಲು ಅವರ ಕಿವಿಗೆ ಬೀಳಬೇಕಾಗಿದೆ.