ಎದುರಿಗೆ ಯಾರಿದ್ದರು?

ಗುಜರಾತ್ ಕ್ವೀನ್ ರೈಲಿನಲ್ಲಿ ಸೂರತ್‌ನಿಂದ ವಡೋದರಾಕ್ಕೆ ‘ಅಪ್‌ಡೌನ್’ ಮಾಡುವವರಿಗೆ ಇಸ್ಪೀಟು, ಥೇಪ್ಲಾ, ಸಿನಿಮಾ ಡೈಲಾಗು ಮೂರೂ ತಿಂಗಳ ಪಾಸಿನ ಜೊತೆಗೇ ಬರುವ ಸವಲತ್ತುಗಳು. ಮೊನ್ನೆ ಅಂಕಲೇಶ್ವರ ದಾಟಿ ನರ್ಮದೆಯ ಸೇತುವೆ ಹತ್ತುವಾಗ ಎದುರು ಸೀಟಿನ ಸೀರೆ ವ್ಯಾಪಾರಿಯೊಬ್ಬರು ಎದ್ದುನಿಂತು, ‘ಮೈಂ ಅಂಗ್ರೇಜೋಂ ಕೇ ಜಮಾನೇ ಕಾ ಜೈಲರ್ ಹೂಂ’ ಎಂದು ಅಬ್ಬರಿಸಿದರು. ಬೋಗಿ ಬೋಗಿಯೇ ನಕ್ಕಿತು. ನನಗೆ ಮಾತ್ರ ಥೇಪ್ಲಾ ಗಂಟಲಲ್ಲಿ ಸಿಕ್ಕಿಕೊಂಡಿತು.

‘ಮೈಂ’ ಅಲ್ಲ ಸ್ವಾಮಿ, ‘ಹಮ್’. ಇಂಗ್ಲಿಷರು 1947ರಲ್ಲೇ ಗಂಟುಮೂಟೆ ಕಟ್ಟಿದರು. ‘ಶೋಲೆ’ ಬಂದದ್ದು 1975ರಲ್ಲಿ. ಆದರೂ ಈ ಜೈಲರ್ ತನ್ನನ್ನು ತಾನು ‘ನಾವು’ ಎಂದೇ ಕರೆದುಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಅಸ್ರಾನಿ ಹಿಟ್ಲರನ ಫೋಟೋಗಳನ್ನು ನೋಡಿ ಆ ನಿಲುವು, ಭಾಷಣ ಕೇಳಿ ಆ ಏರಿಳಿತ ಕಲಿತದ್ದನ್ನು ತಾವೇ ಎಷ್ಟೋ ಸಲ ಹೇಳಿಕೊಂಡಿದ್ದರು. ಆ ಬಹುವಚನವನ್ನು ಕಿತ್ತುಹಾಕಿದರೆ ಉಳಿಯುವುದು ನಿವೃತ್ತಿಗೆ ಕಾದು ಕೂತ ಒಬ್ಬ ಸರ್ಕಾರಿ ನೌಕರ, ಅಷ್ಟೆ.

ಇದನ್ನು ಹವ್ಯಾಸ ಎನ್ನಿ, ಚಟ ಎನ್ನಿ. ಯಾರಾದರೂ ಹಾಸ್ಯದ ಮಾತೊಂದನ್ನು ತಪ್ಪಾಗಿ ಎತ್ತಿದರೆ ನನಗೆ ಅವತ್ತು ರಾತ್ರಿ ಆ ಸಿನಿಮಾ ಹಾಕಿ, ನಿಲ್ಲಿಸಿ, ಹಿಂದೆ ಸರಿಸಿ ಕೇಳದೆ ನಿದ್ದೆ ಬಾರದು. ಹಾಗೆಂದು ಎಲ್ಲ ತಪ್ಪಿನ ಮೇಲೂ ನನಗೆ ಸಿಟ್ಟಿಲ್ಲ. ಕೆಲವಂತೂ ಮೂಲಕ್ಕಿಂತ ಜಾಣತನದವು. ಊರಿಗೆ ಊರೇ ‘ಅಬ್ ತೇರಾ ಕ್ಯಾ ಹೋಗಾ ಕಾಲಿಯಾ’ ಅನ್ನುತ್ತದೆ. ಗಬ್ಬರ್ ಸಿಂಗ್ ಅಲ್ಲಿ ‘ಅಬ್’ ಅನ್ನುವುದೇ ಇಲ್ಲ. ‘ತೇರಾ ಕ್ಯಾ ಹೋಗಾ ಕಾಲಿಯಾ’ ಅಷ್ಟೆ. ಕಾಲಿಯಾ ಉಪ್ಪಿನ ಋಣದ ಮಾತೆತ್ತಿದ ಮೇಲೆ, ಈಗ ಗುಂಡು ತಿನ್ನು ಅನ್ನುವಾಗ ಬರುವ ‘ಅಬ್’ ಜನರ ಬಾಯಲ್ಲಿ ಒಂದು ಮಾತು ಹಿಂದಕ್ಕೆ ಜಾರಿ ಇಲ್ಲಿ ಬಂದು ಕೂತಿದೆ ಎಂದು ನನ್ನ ಗುಮಾನಿ. ಲಾರೆಲ್-ಹಾರ್ಡಿಯದೂ ಇದೇ ಕಥೆ. ಹಾರ್ಡಿ ಗೊಣಗುತ್ತಿದ್ದದ್ದು ‘ನೈಸ್ ಮೆಸ್’ ಎಂದು. 1930ರಲ್ಲಿ ಅವರದೇ ಚಿತ್ರವೊಂದಕ್ಕೆ ‘ಅನದರ್ ಫೈನ್ ಮೆಸ್’ ಎಂದು ಹೆಸರಿಟ್ಟದ್ದೇ ತಡ, ಲೋಕವೆಲ್ಲ ‘ಫೈನ್’ ಹಿಡಿದುಕೊಂಡಿತು. ಇಂಥವನ್ನು ನಾನು ಕ್ಷಮಿಸಿಬಿಡುತ್ತೇನೆ.

ಕ್ಷಮಿಸಲಾರದ್ದು ಬೇರೆ ಜಾತಿಯದು. ಅದನ್ನು ಹಿಡಿಯಲು ನನ್ನದೊಂದು ಪಟ್ಟು ಇದೆ. ಮಾತಿನ ಮೇಲೆ ಜಗಳಕ್ಕಿಳಿದರೆ ಯಾರೂ ಸೋಲುವುದಿಲ್ಲ. ಅವರವರ ಕಿವಿ ಅವರವರಿಗೆ ವೇದ. ಅದಕ್ಕೇ ನಾನು ಮಾತನ್ನೇ ಕೇಳುವುದಿಲ್ಲ. ‘ಅದಿರಲಿ, ಆಗ ಎದುರಿಗೆ ಯಾರಿದ್ದರು?’ ಎನ್ನುತ್ತೇನೆ. ಹತ್ತರಲ್ಲಿ ಎಂಟು ಜನ ಅಲ್ಲೇ ತಡವರಿಸುತ್ತಾರೆ. ನಗು ಹುಟ್ಟುವುದು ಹೇಳಿದವನ ಬಾಯಲ್ಲಲ್ಲ, ಕೇಳಿಸಿಕೊಂಡವನ ಮುಖದಲ್ಲಿ. ಅರ್ಧ ಜನ ಇತ್ತ, ಅರ್ಧ ಜನ ಅತ್ತ, ಉಳಿದವರು ತನ್ನ ಬೆನ್ನಿಗೆ ಎಂದು ಜೈಲರ್ ಅಪ್ಪಣೆ ಕೊಟ್ಟಾಗ, ಆ ಲೆಕ್ಕವನ್ನು ಒಂದಿಷ್ಟೂ ಅನುಮಾನವಿಲ್ಲದೆ ಪಾಲಿಸುವ ಸಿಪಾಯಿಗಳಿಲ್ಲದಿದ್ದರೆ ಅದರಲ್ಲಿ ಏನಿದೆ? ಡೈಲಾಗು ಹೊಡೆಯುವವರು ಸಿಪಾಯಿಗಳನ್ನು ಮರೆತು ಟೋಪಿಯನ್ನಷ್ಟೇ ತಮ್ಮ ತಲೆಗೆ ಹಾಕಿಕೊಳ್ಳುತ್ತಾರೆ.

ಮೈಸೂರಿನ ನಮ್ಮ ಭಾವನವರ ಮೇಲೂ ಈ ಪಟ್ಟನ್ನು ಹಾಕಿದ್ದುಂಟು. ಅವರಿಗೆ ಫಣಿ ರಾಮಚಂದ್ರರ ಸಿನಿಮಾಗಳೆಲ್ಲ ಒಂದೇ ವಠಾರ. ‘ಗಣೇಶನ ಮದುವೆ’ 1990ರದು, ‘ಗೌರಿ ಗಣೇಶ’ 1991ರದು. ಎರಡರಲ್ಲೂ ಅನಂತ್ ನಾಗ್, ಎರಡರಲ್ಲೂ ವಿನಯಾ ಪ್ರಸಾದ್. ಹೋದ ಹಬ್ಬಕ್ಕೆ ಫೋನಿನಲ್ಲಿ ಭಾವ, ಲಂಬೋದರ ಮನೆ ಓನರ್ ರಮಣಮೂರ್ತಿಗೆ ಕೈಕೊಟ್ಟ ಸೀನು ಹೇಳಿ ಹೇಳಿ ನಕ್ಕರು.

‘ಭಾವ, ಆ ಸೀನಿನಲ್ಲಿ ಮಾಸ್ಟರ್ ಆನಂದ್ ಇದ್ದನೋ, ಮುಖ್ಯಮಂತ್ರಿ ಚಂದ್ರು ಇದ್ದರೋ?’ ಎಂದೆ.

‘ಇಬ್ಬರೂ ಇದ್ದರಪ್ಪಾ, ನಿನಗ್ಯಾಕೆ?’ ಎಂದರು.

ಲಂಬೋದರ ‘ಗೌರಿ ಗಣೇಶ’ದವನು, ರಮಣಮೂರ್ತಿ ‘ಗಣೇಶನ ಮದುವೆ’ಯವನು. ಭಾವ ನಗುತ್ತಿದ್ದದ್ದು ಯಾರೂ ತೆಗೆಯದ ಸಿನಿಮಾಕ್ಕೆ. ಹೇಳಿದರೆ, ‘ಗುಜರಾತಿಗೆ ಹೋಗಿ ಲೆಕ್ಕ ಜಾಸ್ತಿ ಕಲಿತೆ’ ಎಂದು ಅಕ್ಕನ ಕೈಗೆ ಫೋನು ದಾಟಿಸಿದರು.

ಅಹಮದಾಬಾದಿನ ಹುಡುಗರೂ ಭಾವನವರ ಗೋತ್ರದವರೇ. ದುಡ್ಡು ಡಬಲ್ ಮಾಡುವ ಸ್ಕೀಮಿನ ಮಾತು ಬಂದರೆ ಸಾಕು, ‘ಹೇರಾ ಫೇರಿ’ ಎಂದು ಹಾರುತ್ತಾರೆ. ಅದು 2000ದ ‘ಹೇರಾ ಫೇರಿ’ಯಲ್ಲಿ ಇಲ್ಲ, 2006ರ ‘ಫಿರ್ ಹೇರಾ ಫೇರಿ’ಯದು. ಎರಡರಲ್ಲೂ ಬಾಬುರಾವ್ ಆಗಿದ್ದ ಪರೇಶ್ ರಾವಲ್ 2014ರಿಂದ ಐದು ವರ್ಷ ಇದೇ ಅಹಮದಾಬಾದ್ ಪೂರ್ವದ ಸಂಸದರಾಗಿದ್ದವರು. ತಮ್ಮ ಎಂಪಿಯ ಸಿನಿಮಾ ಯಾವುದೆಂದು ಮತದಾರರಿಗಾದರೂ ಗೊತ್ತಿರಬೇಡವೆ?

ಇಷ್ಟರವರೆಗೆ ಎಲ್ಲ ತಮಾಷೆಯೇ. ಒಂದು ಮಾತಿನ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಸಾಧ್ಯವಿಲ್ಲ.

‘ಇತ್ನಾ ಸನ್ನಾಟಾ ಕ್ಯೂಂ ಹೈ ಭಾಯಿ?’ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕಳಿಸದಿದ್ದರೆ ಒಬ್ಬ ಇದನ್ನು ಎಸೆಯುತ್ತಾನೆ, ಕೆಳಗೆ ನಗುವ ಮುಖಗಳ ಸಾಲು. ಆಫೀಸಿನ ಮೀಟಿಂಗಿನಲ್ಲಿ ಸಾಹೇಬರು ಇದನ್ನಂದೇ ಶುರು ಮಾಡುತ್ತಾರೆ. ಟೀಶರ್ಟಿನ ಮೇಲೂ ಅಚ್ಚಾಗಿದೆ. ಎದುರಿಗೆ ಯಾರಿದ್ದರು ಎಂದು ಕೇಳಿ ನೋಡಿ. ಅಲ್ಲಿದ್ದದ್ದು ಹೆಣ. ಕೆಲಸಕ್ಕೆಂದು ಊರು ಬಿಟ್ಟ ಹುಡುಗ ಅಹ್ಮದ್‌ನನ್ನು ಕೊಂದು ಗಬ್ಬರ್ ಕುದುರೆಯ ಮೇಲೆ ಹಾಕಿ ವಾಪಸು ಕಳಿಸಿದ್ದಾನೆ. ಊರಿಗೆಲ್ಲ ಕಾಣುತ್ತಿದೆ, ಕಣ್ಣಿಲ್ಲದ ತಂದೆ ರಹೀಮ್ ಚಾಚಾನಿಗೆ ಮಾತ್ರ ಕಾಣುತ್ತಿಲ್ಲ. ಯಾಕೆ ಇಷ್ಟು ಮೌನ ಎಂದು ಆ ಮುದುಕ ಕೇಳುತ್ತಿರುವುದು, ತನ್ನ ಮಗ ಸತ್ತದ್ದನ್ನು ಹೇಳಲು ಬಾಯಿ ಬಾರದೆ ನಿಂತ ಜನರನ್ನು. ಎ.ಕೆ. ಹಾನಗಲ್ ಎತ್ತರಿಸಿ ಆಡಿದ ಮಾತೂ ಅಲ್ಲ ಅದು. ಅಕ್ಷರ ಒಂದೂ ತಪ್ಪಿಲ್ಲದೆ ಹೇಳಿದರೂ ಇದಕ್ಕಿಂತ ದೊಡ್ಡ ತಪ್ಪು ನೆನಪು ಇನ್ನೊಂದಿಲ್ಲ. ‘ಅಯ್ಯೋ, ಅದೀಗ ಕಾಮಿಡಿ ಡೈಲಾಗ್ ಆಗಿಬಿಟ್ಟಿದೆ, ಬಿಡಿ ಸಾರ್’ ಎಂದು ಸಮಾಧಾನ ಹೇಳುವವರಿದ್ದಾರೆ. ತಾನಾಗಿ ಆಗಲಿಲ್ಲ, ನೀವು ಮಾಡಿದಿರಿ.

ಸಿಟ್ಟು ಬಂದಾಗ ನಾನು ಹೊರಳುವುದು ಸಂಜೀವ್ ಕುಮಾರ್ ಕಡೆಗೆ. 1938ರಲ್ಲಿ ಇಲ್ಲೇ ಸೂರತ್‌ನಲ್ಲಿ ಹುಟ್ಟಿದ ಹರಿಹರ ಜರಿವಾಲಾ. ಊರಿನಲ್ಲಿ ಅವರ ಹೆಸರಿನ ಸಭಾಂಗಣವಿದೆ. ‘ಶೋಲೆ’ಯ ಬೆಟ್ಟ ನಮ್ಮ ರಾಮನಗರದ್ದು, ಅದರಲ್ಲಿ ಠಾಕೂರ್ ಆಗಿದ್ದ ಇವರು ಸೂರತ್‌ನವರು, ಹಾಗಾಗಿ ರೈಲಿನಲ್ಲಿ ನನಗೂ ಜೊತೆಯ ಪ್ರಯಾಣಿಕರಿಗೂ ಸಮಪಾಲು. (ರೈಲಿನ ದರೋಡೆಯೂ ರಾಮನಗರದಲ್ಲೇ ಆಯಿತೆಂದು ವಾದಿಸುವ ಕನ್ನಡಿಗರಿಗೆ: ಅಲ್ಲ, ಅದು ಪನ್ವೇಲ್ ಕಡೆಯದು.) ಠಾಕೂರ್ ಮುದುಕ, ವೀರೂ ಹುಡುಗ ಎಂದು ಎಲ್ಲರ ನೆನಪು. ವೀರೂ ಆಗಿದ್ದ ಧರ್ಮೇಂದ್ರ ಹುಟ್ಟಿದ್ದು 1935ರಲ್ಲಿ; ಠಾಕೂರರಿಗಿಂತ ದೊಡ್ಡವರು. ನಲವತ್ತೂ ಆಗದ ನಟ ಅಷ್ಟು ವಯಸ್ಸನ್ನು ಹೊತ್ತು ನಿಂತ, ಆಮೇಲೆ 1982ರಲ್ಲಿ ಗುಲ್ಜಾರರ ‘ಅಂಗೂರ್’ನಲ್ಲಿ ಅದನ್ನೆಲ್ಲ ಇಳಿಸಿಟ್ಟು ಇಬ್ಬರು ಅಶೋಕರಾದ.

‘ಅಂಗೂರ್’ ನನ್ನ ಪಟ್ಟಿಗೆ ಹೇಳಿ ಮಾಡಿಸಿದ ಸಿನಿಮಾ. ಶೇಕ್ಸ್‌ಪಿಯರ್‌ನ ‘ಕಾಮಿಡಿ ಆಫ್ ಎರರ್ಸ್’. ಇಬ್ಬರು ಅಶೋಕರು, ದೇವೇನ್ ವರ್ಮಾ ಇಬ್ಬರು ಬಹಾದ್ದೂರರು. ಕಥೆಯ ಒಳಗಿನವರೇ ಯಾರು ಯಾರಿಗೆ ಏನಂದರೆಂದು ತಿಳಿಯದೆ ಒದ್ದಾಡುವಾಗ ನೋಡಿದವರಿಗೆ ನೆನಪಿರುವುದು ಹೇಗೆ? ಭಂಗಿ ಪಕೋಡದ ಮಾತು ಬಂದರೆ ಸಾಕು, ಬೋಗಿಯಲ್ಲಿ ಎರಡು ಪಕ್ಷ. ಭಂಗಿ ಬೆರೆಸಿದವನು ಹೊರಗಿನಿಂದ ಬಂದ ಬಹಾದ್ದೂರ್. ಆದರೆ ಅದೇ ಊರಿನವನು ಎಂದು ವಾದಿಸುವವರ ತಪ್ಪೂ ಶೇಕ್ಸ್‌ಪಿಯರ್‌ಗೆ ಒಪ್ಪುವಂಥದ್ದೇ. ಎದುರಿದ್ದ ಮುಖಗಳನ್ನು ಅವರು ಮರೆತಿಲ್ಲ: ಮೌಸುಮಿ ಚಟರ್ಜಿ, ದೀಪ್ತಿ ನವಲ್ ಎಂದು ಥಟ್ಟನೆ ಹೇಳುತ್ತಾರೆ.

ಇದೇ ನಾಟಕ ಕನ್ನಡಕ್ಕೂ ಬಂದಿದೆ, ಎನ್.ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’, 1997. ಅಲ್ಲಿ ರಮೇಶ್ ಅರವಿಂದ್ ಇಬ್ಬರು, ಕರಿಬಸವಯ್ಯ ಇಬ್ಬರು. ಎರಡನ್ನೂ ನೋಡಿ, ಖಂಡಿತ ನೋಡಿ. ಆದರೆ ಒಂದೇ ವಾರದಲ್ಲಿ ಬೇಡ. ಎಂಟು ಜನರಾಗುತ್ತಾರೆ, ಆಮೇಲೆ ನಮ್ಮ ಭಾವನವರ ಜೊತೆ ಮಾತ್ರ ಸಿನಿಮಾ ಮಾತಾಡಬೇಕಾದೀತು.